ನರದ ಪರೀಕ್ಷೆ ಮಾಡಿಸಿ ಅಂದರೆ ಸಾಲದು, ಅದೇನು ಅಂತಲೂ ಹೇಳಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಓದುಗರೊಬ್ಬರು ಒಂದು ಪ್ರಶ್ನೆ ಕೇಳಿದ್ದರು. ವಯಸ್ಸು ನಲವತ್ತೆಂಟು, ಆರು ತಿಂಗಳಿಂದ ರಾತ್ರಿ ಹೊತ್ತು ಬಲಗೈ ಜೋಮು ಹಿಡಿಯುತ್ತೆ, ಎದ್ದು ಕೈ ಕೊಡವಿದರೆ ಸರಿಹೋಗುತ್ತೆ, ಏನು ಮಾಡಲಿ ಅಂತ. ಉತ್ತರ ಒಂದೇ ಸಾಲು: ‘ನರತಜ್ಞರನ್ನು ಕಂಡು ಎನ್‌ಸಿಎಸ್, ಇಎಂಜಿ ಪರೀಕ್ಷೆ ಮಾಡಿಸಿಕೊಳ್ಳಿ.’ (ನರದಲ್ಲಿ ಸಂಕೇತ ಹೋಗೋ ವೇಗ ಅಳೆಯೋದು ಎನ್‌ಸಿಎಸ್, ಸೂಜಿ ಚುಚ್ಚಿ ಸ್ನಾಯುವಿನ ಸಂಕೇತ ನೋಡೋದು ಇಎಂಜಿ.) ಉತ್ತರ ತಪ್ಪಲ್ಲ. ಆದರೆ ಅದನ್ನು ಓದಿದಾಗ ನನಗೆ ನಮ್ಮ ಮನೆಯ ದೇವರ ಕೋಣೆ ನೆನಪಾಯಿತು. ಇವೇ ಎರಡು ಪದ ಬರೆದಿದ್ದ ಚೀಟಿಯನ್ನು ನಮ್ಮಮ್ಮ ಐದು ತಿಂಗಳು ಕುಂಕುಮದ ಡಬ್ಬಿಯ ಕೆಳಗೆ ಮಡಚಿಟ್ಟಿದ್ದರು. ಆ ಐದು ತಿಂಗಳಲ್ಲಿ ಅವರ ಹೆಬ್ಬೆರಳಿನ ಶಕ್ತಿ ಹೋಯಿತು. ಅದಕ್ಕೇ ಈ ಪತ್ರ, ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ನಾವು ಕಡೂರಿನವರು. ನಾನು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಅಮ್ಮ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ, ಮೂವತ್ತು ವರ್ಷದಿಂದ. ರವಿಕೆ, ಲಂಗ, ಸೀರೆಗೆ ಫಾಲ್ ಹಚ್ಚೋದು, ಹುಕ್ಸ್ ಕೂರಿಸೋದು. ಮೊದಮೊದಲು ರಾತ್ರಿ ಎರಡು ಗಂಟೆಗೆ ಎದ್ದು ಕೂತು ಕೈ ಕೊಡವುತ್ತಿದ್ದರು. ಕೇಳಿದರೆ ‘ಕೈ ಮೇಲೆ ಮಲಗಿದ್ನೇನೋ’ ಅನ್ನೋರು. ಆಮೇಲೆ ಸೂಜಿಗೆ ದಾರ ಪೋಣಿಸೋಕೆ ನನ್ನ ತಂಗಿಯನ್ನು ಕರೆಯೋದು ಶುರುವಾಯಿತು. ಕಣ್ಣು ಮಂಜಾಗಿದೆ ಅಂದುಕೊಂಡು ನಾವು ಕನ್ನಡಕ ಮಾಡಿಸಿದೆವು. ಕಣ್ಣು ಚೆನ್ನಾಗೇ ಇತ್ತು. ಬೆರಳ ಸಂದಿನಲ್ಲಿ ಸೂಜಿ ಇದೆಯೋ ಇಲ್ಲವೋ ಅನ್ನೋದೇ ಅವರಿಗೆ ತಿಳಿಯುತ್ತಿರಲಿಲ್ಲ.

ಮುಂದಿನದು ಎಲ್ಲ ಮನೆಯ ಕತೆಯೇ. ಬಿ ಕಾಂಪ್ಲೆಕ್ಸ್ ಇಂಜೆಕ್ಷನ್ ಹತ್ತು, ಹಚ್ಚೋಕೆ ಜೆಲ್, ಕತ್ತಿನ ಎಕ್ಸ್‌ರೇ. ಎಕ್ಸ್‌ರೇಯಲ್ಲಿ ‘ಮೂಳೆ ಸವೆದಿದೆ’ ಅಂದರು. ಕತ್ತಿಗೆ ಕಾಲರ್ ಹಾಕಿದರು. ಕಡಿಮೆ ಆಗಲಿಲ್ಲ ಅಂತ 7,500 ರೂಪಾಯಿ ಕೊಟ್ಟು ಕತ್ತಿನ ಎಂಆರ್‌ಐ. ಅಲ್ಲೂ ಸವೆತ. ಐವತ್ತು ದಾಟಿದ ಬಹಳ ಜನರ ಕತ್ತಿನಲ್ಲಿ ನೋವಿದ್ದರೂ ಇಲ್ಲದಿದ್ದರೂ ಸವೆತ ಕಾಣಿಸುತ್ತೆ, ಚಿತ್ರದಲ್ಲಿ ಕಂಡದ್ದೆಲ್ಲ ಕಾಯಿಲೆಗೆ ಕಾರಣ ಆಗಬೇಕಿಲ್ಲ ಅನ್ನೋದು ನನಗೆ ಗೊತ್ತಾದದ್ದು ಎಷ್ಟೋ ದಿನ ಆದ ಮೇಲೆ. ಕೊನೆಗೆ ಮತ್ತೊಬ್ಬ ಡಾಕ್ಟರು ಅಮ್ಮನ ಕೈ ಹಿಡಿದು ನೋಡಿ ಆ ಚೀಟಿ ಬರೆದರು. ‘ನರದ ಟೆಸ್ಟ್, ಮಾಡಿಸ್ಕೊಂಡು ಬನ್ನಿ’ ಅಂದರು. ಹೊರಗೆ ಇನ್ನೂ ಮೂವತ್ತು ಜನ ಕಾಯುತ್ತಿದ್ದರು, ಆ ಡಾಕ್ಟರನ್ನು ನಾನು ದೂರುವುದಿಲ್ಲ. ಆದರೆ ಇನ್ನೊಂದು ಮಾತು ಹೇಳಿದ್ದರೆ ಚೆನ್ನಾಗಿತ್ತು.

ಬಸ್ಸಿನಲ್ಲಿ ವಾಪಸ್ ಬರುವಾಗ ಪಕ್ಕದಲ್ಲಿ ಕೂತ ಹೆಂಗಸು ಚೀಟಿ ನೋಡಿ ‘ಅಯ್ಯೋ, ಇದು ಕರೆಂಟ್ ಕೊಡೋದು ಕಣವ್ವ’ ಅಂದರು. ಅಷ್ಟೇ ಸಾಕಾಯಿತು. ನಮ್ಮ ಕಡೆ ‘ಕರೆಂಟ್ ಕೊಡೋದು’ ಅಂದರೆ ಜನರಿಗೆ ತಲೆಗೆ ಹೊಳೆಯೋದು ಒಂದೇ, ಮನಸ್ಸಿನ ಕಾಯಿಲೆಗೆ ಕೊಡುವ ಶಾಕ್ ಚಿಕಿತ್ಸೆ. ನರದ ಡಾಕ್ಟರು, ನಿಮ್ಹಾನ್ಸ್, ಕರೆಂಟು, ಹುಚ್ಚು, ಇವೆಲ್ಲ ಒಂದೇ ಸಾಲಿನಲ್ಲಿ ಬರುತ್ತವೆ. (ಆ ಚಿಕಿತ್ಸೆಯ ಬಗ್ಗೆಯೂ ನಮಗಿರುವ ಹೆದರಿಕೆ ಸರಿಯಲ್ಲ, ಅದು ಬೇರೆ ಮಾತು.) ‘ನನಗೇನು ತಲೆ ಕೆಟ್ಟಿದೆಯಾ, ಕೈ ತಾನೇ ನೋಯ್ತಿರೋದು’ ಅಂತ ಅಮ್ಮ ಚೀಟಿ ಮಡಚಿಟ್ಟರು.

‘ನರ’ ಅನ್ನೋ ಪದವೇ ನಮ್ಮಲ್ಲಿ ಗೋಜಲು. ಮುಂಗೈ ಮೇಲೆ ಹಸಿರಾಗಿ ಕಾಣೋ ರಕ್ತನಾಳಕ್ಕೂ ನರ ಅನ್ನುತ್ತೇವೆ. ಮೀನಖಂಡ ಹಿಡಿದುಕೊಂಡರೆ ‘ನರ ಹಿಡ್ಕೊಂಡಿದೆ’, ಕಾಲಲ್ಲಿ ರಕ್ತನಾಳ ಗಂಟಾದರೆ ‘ನರ ಉಬ್ಬಿದೆ’, ಸಿಟ್ಟಾದವನಿಗೂ ‘ಹಣೆಯ ನರ ಎದ್ದಿದೆ’. ಇನ್ನು ‘ನರದೌರ್ಬಲ್ಯ’ ಅನ್ನೋ ಪದವನ್ನಂತೂ ಬಸ್‌ಸ್ಟ್ಯಾಂಡ್ ಗೋಡೆಯ ಜಾಹೀರಾತುಗಳು ಹಾಳು ಮಾಡಿಟ್ಟಿವೆ. ಗುಪ್ತ ಸಮಸ್ಯೆ ಅಂತ ಆಗಿಹೋಗಿದೆ. ನಮ್ಮ ಮಾವನಿಗೆ ಪಾದ ಉರಿ ಇತ್ತು. ಔಷಧಿ ಅಂಗಡಿಯಲ್ಲಿ ‘ನರದ ತೊಂದರೆ’ ಅಂತ ಹೇಳೋಕೆ ನಾಚಿಕೊಂಡು ‘ಕಾಲುನೋವು’ ಅಂತಲೇ ಒಂದು ವರ್ಷ ಮಾತ್ರೆ ನುಂಗಿದರು. ಹಾಗಾಗಿ ಡಾಕ್ಟರು ಬರೀ ‘ನರದ ಟೆಸ್ಟ್’ ಅಂದರೆ ಎದುರು ಕೂತವರು ಏನು ಅರ್ಥ ಮಾಡಿಕೊಂಡರು ಅಂತ ದೇವರಿಗೇ ಗೊತ್ತು.

ಕೊನೆಗೂ ಅಮ್ಮನನ್ನು ಒಪ್ಪಿಸಿ ಕರೆದುಕೊಂಡು ಹೋದೆ. ಅಲ್ಲಿ ನಡೆದದ್ದನ್ನು ಬರೆಯುತ್ತೇನೆ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ನಮ್ಮ ಐದು ತಿಂಗಳು ಉಳಿಯುತ್ತಿತ್ತು.

ಡಿಸೆಂಬರ್ ತಿಂಗಳು, ಬೆಳಗಿನ ಜಾವದ ರೈಲು, ಅಮ್ಮನ ಕೈ ಹಿಮದಂತೆ ತಣ್ಣಗಿತ್ತು. ಪರೀಕ್ಷೆಯ ರೂಮಿನಲ್ಲಿ ಎಸಿ ಬೇರೆ. ಮೇಲಾಗಿ ಅಮ್ಮ ಹೊರಡುವ ಮುಂಚೆ ನೋವಿನ ಎಣ್ಣೆ ಚೆನ್ನಾಗಿ ತಿಕ್ಕಿಕೊಂಡಿದ್ದರು. ಟೆಕ್ನೀಷಿಯನ್ ಹುಡುಗಿ ಕೈ ಮುಟ್ಟಿದ ತಕ್ಷಣ ‘ಎಣ್ಣೆ ಹಚ್ಚಿದೀರಾ ಅಮ್ಮಾ?’ ಅಂದಳು. ಸ್ಪಿರಿಟ್ ಹತ್ತಿಯಿಂದ ಮೂರು ಸಲ ಒರೆಸಿದಳು. ಎಣ್ಣೆ ಇದ್ದರೆ ಚರ್ಮಕ್ಕೆ ಅಂಟಿಸೋ ಬಿಲ್ಲೆ ಸರಿಯಾಗಿ ಕೂರೋದಿಲ್ಲ, ಸಿಗ್ನಲ್ ಕೆಡುತ್ತೆ. ಆಮೇಲೆ ಒಂದು ಬಕೆಟ್‌ನಲ್ಲಿ ಬಿಸಿನೀರು ತಂದು ಎರಡೂ ಕೈಗಳನ್ನು ಹತ್ತು ನಿಮಿಷ ಅದ್ದಿಸಿ, ಒರೆಸಿ, ಚರ್ಮದ ಉಷ್ಣತೆ ನೋಡಿದಳು. 32 ಡಿಗ್ರಿ ದಾಟಬೇಕಂತೆ. ನಾನು ಯಾಕೆ ಅಂತ ಕೇಳಿದೆ. ಕೈ ತಣ್ಣಗಿದ್ದರೆ ನರದಲ್ಲಿ ಸಂಕೇತ ಹೋಗೋ ವೇಗವೇ ಕಡಿಮೆ ಆಗುತ್ತೆ, ಒಂದು ಡಿಗ್ರಿಗೆ ಸೆಕೆಂಡಿಗೆ ಸುಮಾರು ಎರಡು ಮೀಟರ್‌ನಷ್ಟು, ಇಲ್ಲದ ಕಾಯಿಲೆ ಇದೆ ಅಂತ ರಿಪೋರ್ಟ್ ಬಂದುಬಿಡಬಹುದು ಅಂದಳು. ಆ ಹುಡುಗಿಗೆ ನಾನು ಈಗಲೂ ಋಣಿ. ಯಾಕಂದರೆ ಅದಕ್ಕೂ ಮೊದಲು ಬೇರೆ ಒಂದು ಕಡೆ, ಹೆಸರು ಬೇಡ, ನಮ್ಮ ಪರಿಚಯದವರೊಬ್ಬರಿಗೆ ಚಳಿಯಲ್ಲೇ ಐದು ನಿಮಿಷದಲ್ಲಿ ಪರೀಕ್ಷೆ ಮುಗಿಸಿ ‘ಎರಡೂ ಕೈಕಾಲಿನ ನರ ವೀಕ್’ ಅಂತ ಬರೆದುಕೊಟ್ಟಿದ್ದರು. ಕೈಕಾಲು ಬೆಚ್ಚಗೆ ಮಾಡಿ ಇನ್ನೊಮ್ಮೆ ಮಾಡಿಸಿದಾಗ ಎಲ್ಲ ಸರಿಯಾಗೇ ಇತ್ತು.

ಬಳೆಯದ್ದೂ ಒಂದು ಗಲಾಟೆ ಆಯಿತು. ಅಮ್ಮ ಗಾಜಿನ ಬಳೆ ತೆಗೆಯೋದಿಲ್ಲ ಅಂದರು. ‘ತೆಗೀಬೇಡಿ ಅಮ್ಮಾ, ಮೇಲಕ್ಕೆ ಸರಿಸಿ, ಪಟ್ಟಿ ಸುತ್ತುತೀನಿ’ ಅಂದಳು. ಅಷ್ಟಕ್ಕೇ ಅಮ್ಮನ ಭಯ ಅರ್ಧ ಇಳಿಯಿತು.

ತೋರುಬೆರಳಿಗೆ ಉಂಗುರದಂಥ ತಂತಿ ಹಾಕಿದಳು. ಹೆಬ್ಬೆರಳ ಬುಡದ ಮೇಲೆ ಒಂದು ಬಿಲ್ಲೆ. ಟೇಪು ಹಿಡಿದು ಮುಂಗೈ ಅಳೆದು ಪೆನ್ನಿನಲ್ಲಿ ಗುರುತು ಹಾಕಿದಳು, ಥೇಟ್ ಅಮ್ಮ ರವಿಕೆಗೆ ಅಳತೆ ತೆಗೆದ ಹಾಗೆ. ಮಣಿಕಟ್ಟಿನ ಮೇಲೆ ಎರಡು ಮೊನೆಯ ಸಾಧನ ಒತ್ತಿ ಸಣ್ಣ ಶಾಕ್ ಕೊಟ್ಟಳು. ‘ಟಕ್’ ಅಂತ ಸದ್ದು, ಚುರ್ ಅಂತ ಒಂದು ಹೊಡೆತ, ಅಮ್ಮನ ಹೆಬ್ಬೆರಳು ತಾನಾಗೇ ಜಿಗಿಯಿತು. ಅಮ್ಮ ಬೆರಳನ್ನೇ ನೋಡುತ್ತಾ ‘ನಾನು ಆಡಿಸಲಿಲ್ಲ ಕಣೇ’ ಅಂದರು. ಆಮೇಲೆ ಮೊಣಕೈ ಹತ್ತಿರ ಒಂದು ಶಾಕ್. ಎರಡು ಜಾಗದ ನಡುವಿನ ದೂರವನ್ನು ಸಮಯದ ವ್ಯತ್ಯಾಸದಿಂದ ಭಾಗಿಸಿದರೆ ವೇಗ. ನಾನು ಏಳನೇ ಕ್ಲಾಸಿಗೆ ಹೇಳಿಕೊಡೋ ಲೆಕ್ಕ! ಮುಂಗೈಯಲ್ಲಿ ಸೆಕೆಂಡಿಗೆ 50 ಮೀಟರ್‌ಗಿಂತ ಜಾಸ್ತಿ ಇದ್ದರೆ ಆರೋಗ್ಯ, ಅಂದರೆ ಗಂಟೆಗೆ 180 ಕಿಲೋಮೀಟರ್. ಕಾಲಿನಲ್ಲಿ ಇನ್ನು ಸ್ವಲ್ಪ ಕಡಿಮೆ, 40ರ ಮೇಲಿದ್ದರೆ ಸಾಕು. ಜರ್ಮನಿಯ ಹೆಲ್ಮ್‌ಹೋಲ್ಟ್ಜ್ ಅನ್ನೋ ವಿಜ್ಞಾನಿ 1850ರ ಸುಮಾರಿಗೆ ಕಪ್ಪೆಯ ನರದಲ್ಲಿ ಮೊದಲ ಸಲ ಈ ವೇಗ ಅಳೆದದ್ದು. ಅದುವರೆಗೆ ಇದನ್ನು ಅಳೆಯೋಕೆ ಆಗೋದೇ ಇಲ್ಲ ಅಂದುಕೊಂಡಿದ್ದರು. ನಮ್ಮ ಮಕ್ಕಳಿಗೆ ಇದನ್ನು ಹೇಳಿದಾಗ ಕಣ್ಣರಳಿಸಿ ಕೇಳುತ್ತಾರೆ.

ಅಮ್ಮನ ಮುಂಗೈ ವೇಗ ಸರಿಯಾಗಿತ್ತು. ಆದರೆ ಮಣಿಕಟ್ಟಿನಿಂದ ಹೆಬ್ಬೆರಳ ಬುಡಕ್ಕೆ ಸಂಕೇತ ಬರೋಕೆ 6.8 ಮಿಲಿಸೆಕೆಂಡ್ ಹಿಡಿಯಿತು. ನಾಲ್ಕೂವರೆ ಒಳಗೆ ಬರಬೇಕಿತ್ತು. ತೋರುಬೆರಳಿನ ಸ್ಪರ್ಶದ ಸಂಕೇತವಂತೂ ಬರಲೇ ಇಲ್ಲ, ಗೆರೆ ಸಪಾಟು. ಅದೇ ಕೈಯ ಕಿರುಬೆರಳಿನ ನರ ಚೆನ್ನಾಗಿತ್ತು. ಅಂದರೆ ತೊಂದರೆ ಕತ್ತಿನಲ್ಲಿಲ್ಲ, ಮಣಿಕಟ್ಟಿನ ಒಳಗಿನ ಸಣ್ಣ ದಾರಿಯಲ್ಲಿ ಒಂದೇ ಒಂದು ನರ ಒತ್ತಿಕೊಂಡಿದೆ. ಕಾರ್ಪಲ್ ಟನೆಲ್ ಅಂತಾರೆ. ಕತ್ತಿಗೆ ಕಾಲರ್ ಹಾಕಿಕೊಂಡು ನಾವು ಕಳೆದ ತಿಂಗಳುಗಳೆಲ್ಲ ಆ ಗೆರೆ ನೋಡಿದಾಗ ಕಣ್ಣ ಮುಂದೆ ಬಂದವು.

ಆಮೇಲೆ ಡಾಕ್ಟರೇ ಬಂದು ಎರಡನೇ ಪರೀಕ್ಷೆ ಮಾಡಿದರು, ಇಎಂಜಿ. ಇದರಲ್ಲಿ ಸೂಜಿ ಇದೆ, ಕರೆಂಟ್ ಇಲ್ಲ. ಕೂದಲಿನಂಥ ಸೂಜಿಯನ್ನು ಸ್ನಾಯುವಿನೊಳಗೆ ಚುಚ್ಚಿ ಸ್ನಾಯು ಏನು ಮಾತಾಡುತ್ತಿದೆ ಅಂತ ಸ್ಪೀಕರ್‌ನಲ್ಲಿ ಕೇಳುತ್ತಾರೆ. ಕೈ ಸಡಿಲ ಬಿಟ್ಟಾಗ ಆರೋಗ್ಯವಾದ ಸ್ನಾಯು ಸುಮ್ಮನಿರುತ್ತೆ. ಅಮ್ಮನ ಹೆಬ್ಬೆರಳ ಬುಡದಲ್ಲಿ ತಗಡಿನ ಮನೆ ಮೇಲೆ ಸಣ್ಣ ಮಳೆ ಹೊಯ್ದ ಹಾಗೆ ಟಪಟಪ ಅಂತ ಶಬ್ದ ಬರುತ್ತಿತ್ತು. ನರದ ಎಳೆಗಳು ಸತ್ತು ಸ್ನಾಯು ಒಂಟಿಯಾದಾಗ ಬರೋ ಶಬ್ದ ಅದು ಅಂತ ಡಾಕ್ಟರು ಮೆತ್ತಗೆ ಹೇಳಿದರು. ನನಗೆ ಆ ಶಬ್ದ ಈಗಲೂ ಮರೆತಿಲ್ಲ. ನಮ್ಮ ಮನೆ ಹಿಂದಿನ ತಗಡಿನ ಶೀಟಿನ ಮೇಲೆ ಮಳೆ ಬಿದ್ದಾಗೆಲ್ಲ ನೆನಪಾಗುತ್ತೆ.

ನೋವಾಯಿತಾ ಅಂದರೆ, ಆಯಿತು. ಸುಳ್ಳು ಹೇಳಬಾರದು. ಆದರೆ ಅಮ್ಮನ ಮಾತಲ್ಲೇ ಹೇಳೋದಾದರೆ ‘ಇರುವೆ ಕಚ್ಚಿದಷ್ಟು, ಕೆಲವು ಸಲ ಕಟ್ಟಿರುವೆ’. ಒಟ್ಟು ಮುಕ್ಕಾಲು ಗಂಟೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕಿಲ್ಲ. ಪೇಸ್‌ಮೇಕರ್ ಇದ್ದರೆ, ರಕ್ತ ತೆಳುವಾಗೋ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಬೇಕು, ಮಾತ್ರೆಯನ್ನು ನಾವೇ ನಿಲ್ಲಿಸಬಾರದು. ಇದು ಪರೀಕ್ಷೆ ಮಾತ್ರ, ಚಿಕಿತ್ಸೆ ಅಲ್ಲ. ಇದನ್ನೂ ಹೇಳಬೇಕಾಗಿದೆ. ಯಾಕಂದರೆ ಅಲ್ಲಿ ಕಾಯುತ್ತಿದ್ದ ಅಜ್ಜ ಒಬ್ಬರು ಹೊರಗೆ ಬಂದು ‘ಕರೆಂಟ್ ಇಟ್ಟ ಮೇಲೆ ಸ್ವಲ್ಪ ಹಗುರ ಆತು, ಮತ್ತೆ ಯಾವಾಗ ಬರಬೇಕು?’ ಅಂತ ಕೇಳುತ್ತಿದ್ದರು.

ಆಪರೇಷನ್ ಆಯಿತು. ಕೈ ಮಾತ್ರ ಮರಗಟ್ಟಿಸಿ ಅರ್ಧ ಗಂಟೆಯ ಕೆಲಸ. ವಾರದೊಳಗೆ ರಾತ್ರಿಯ ಜೋಮು ನಿಂತಿತು. ಆದರೆ ಹೆಬ್ಬೆರಳ ಬುಡದ ಮೆತ್ತೆ ತುಂಬಿಕೊಳ್ಳಲಿಲ್ಲ. ಅಮ್ಮ ಈಗ ಮೆಷಿನ್ ಓಡಿಸುತ್ತಾರೆ, ಹುಕ್ಸ್ ಕೂರಿಸೋಕೆ ಆಗೋದಿಲ್ಲ. ಐದು ತಿಂಗಳು ಮೊದಲೇ ಹೋಗಿದ್ದರೆ ಪೂರ್ತಿ ಉಳಿಯುತ್ತಿತ್ತು ಅಂತ ಡಾಕ್ಟರು ಖಚಿತವಾಗಿ ಹೇಳಲಿಲ್ಲ, ಆದರೆ ಚಾನ್ಸ್ ಜಾಸ್ತಿ ಇತ್ತು ಅಂದರು.

ಸಂಪಾದಕರೇ, ನಾನು ಹೇಳಬೇಕೆಂದಿರುವುದು ಇದೇ. ಈ ಪರೀಕ್ಷೆಗಳು ಒಳ್ಳೆಯವು. ಆದರೆ ಅವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತವೆ. ಚೀಟಿಯಲ್ಲಿ ಎರಡು ಪದ ಬರೆದರೆ ಸಾಲದು. ‘ಬಲಗೈ, ಮೊದಲ ಮೂರು ಬೆರಳು, ರಾತ್ರಿ ಜೋಮು, ಮಣಿಕಟ್ಟೋ ಕತ್ತೋ ನೋಡಿ’ ಅಂತ ಬರೆದರೆ ಪರೀಕ್ಷೆ ಮಾಡುವವರಿಗೆ ಎಲ್ಲಿ ಹುಡುಕಬೇಕು ಅಂತ ತಿಳಿಯುತ್ತೆ. ರೋಗಿಗೂ ಅದೇ ಮಾತನ್ನು ಕನ್ನಡದಲ್ಲಿ ಹೇಳಬೇಕು.

ಯಾವಾಗ ಮಾಡಿಸಬೇಕು ಅನ್ನೋದೂ ಮುಖ್ಯ. ಬೈಕಿನಿಂದ ಬಿದ್ದು ಕೈ ನರಕ್ಕೆ ಪೆಟ್ಟಾದ ಮರುದಿನವೇ ಪರೀಕ್ಷೆ ಮಾಡಿಸಿದರೆ, ಪೆಟ್ಟು ಬಿದ್ದ ಜಾಗದಿಂದ ಕೆಳಗಿನ ನರ ಇನ್ನೂ ಕೆಲವು ದಿನ ಸಂಕೇತ ಸಾಗಿಸುತ್ತಲೇ ಇರುತ್ತೆ, ಏನೂ ಆಗಿಲ್ಲ ಅನ್ನೋ ಹಾಗೆ ಕಾಣಬಹುದು. ಸೂಜಿ ಪರೀಕ್ಷೆಯಲ್ಲಿ ಆ ಮಳೆ ಶಬ್ದ ಬರೋಕೆ ಎರಡು ಮೂರು ವಾರ ಬೇಕು. ಇನ್ನೊಂದು ಕಡೆ, ಕಾಯಲೇಬಾರದ ಕಾಯಿಲೆಯೂ ಇದೆ. 2025ರ ಜನವರಿಯಲ್ಲಿ ಪುಣೆಯಲ್ಲಿ ಗಿಲಿಯನ್ ಬಾರೆ ಸಿಂಡ್ರೋಮ್ ಹರಡಿದ ಸುದ್ದಿ ನಿಮ್ಮಲ್ಲೂ ಬಂದಿತ್ತು. ಭೇದಿ ಆಗಿ ಒಂದೆರಡು ವಾರಕ್ಕೆ ಕಾಲಿನಿಂದ ಶುರುವಾಗಿ ಮೇಲಕ್ಕೆ ಶಕ್ತಿ ಹೋಗುತ್ತಾ ಬರುತ್ತೆ. ಮೊದಲ ವಾರ ನರದ ಪರೀಕ್ಷೆ ಹೆಚ್ಚುಕಡಿಮೆ ನಾರ್ಮಲ್ ಇರಬಹುದು, ಬೆನ್ನಿನಿಂದ ತೆಗೆದ ನೀರಿನ ಪರೀಕ್ಷೆಯೂ ನಾರ್ಮಲ್ ಇರಬಹುದು. ರಿಪೋರ್ಟ್ ನೋಡಿ ಮನೆಗೆ ಹೋಗೋ ಕಾಯಿಲೆ ಅದಲ್ಲ. ಉಸಿರಾಟದ ಸ್ನಾಯುವಿಗೆ ಬರೋ ಮುಂಚೆ ಆಸ್ಪತ್ರೆಯಲ್ಲಿರಬೇಕು.

ಮಾವನ ಪಾದ ಉರಿಯ ವಿಷಯ ಹೇಳಿದೆನಲ್ಲ, ಅವರಿಗೆ ಹದಿನೈದು ವರ್ಷದ ಶುಗರ್. ಕೊನೆಗೆ ನರದ ಪರೀಕ್ಷೆ ಮಾಡಿಸಿದರು, ನಾರ್ಮಲ್ ಬಂತು. ‘ಏನೂ ಇಲ್ಲ, ಸುಮ್ನೆ ಯೋಚನೆ ಮಾಡ್ತೀರಿ’ ಅಂತ ಕಳಿಸಿದರು. ಮನುಷ್ಯ ರಾತ್ರಿ ಪಾದ ತಣ್ಣೀರಲ್ಲಿ ಇಟ್ಟುಕೊಂಡು ಕೂರುತ್ತಿದ್ದರು, ಮನೆಯವರೂ ನಂಬದ ಹಾಗಾಯಿತು. ಈ ಪರೀಕ್ಷೆ ದಪ್ಪ ಎಳೆಗಳ ವೇಗ ಮಾತ್ರ ಅಳೆಯುತ್ತೆ. ಉರಿ, ನೋವು, ಬಿಸಿ ತಂಪು ತಿಳಿಸೋ ಸಣ್ಣ ಎಳೆಗಳು ಇದರಲ್ಲಿ ಕಾಣೋದೇ ಇಲ್ಲ. ಶುಗರ್‌ನಲ್ಲಿ ಎಷ್ಟೋ ಸಲ ಮೊದಲು ಕೆಡೋದು ಅವೇ. ರಿಪೋರ್ಟ್ ನಾರ್ಮಲ್ ಅಂದರೆ ಉರಿ ಸುಳ್ಳು ಅಂತಲ್ಲ. ಜತೆಗೆ ಅವರು ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆ ತಗೊಂಡವರು, ಶುದ್ಧ ಸಸ್ಯಾಹಾರಿ. ನರಕ್ಕೆ ಬೇಕಾದ ಬಿ12 ವಿಟಮಿನ್ ಕಡಿಮೆಯಾಗೋಕೆ ಎರಡೂ ಕಾರಣ. ಒಂದು ರಕ್ತ ಪರೀಕ್ಷೆಯಲ್ಲಿ ತಿಳಿಯೋದನ್ನು ಯಾರೂ ನೋಡಿರಲಿಲ್ಲ.

ಶಾಲೆಯ ವಿಷಯ ಹೇಳದೆ ಈ ಪತ್ರ ಮುಗಿಸೋಕೆ ಆಗೋದಿಲ್ಲ. ಎರಡನೇ ಕ್ಲಾಸಿನ ಒಬ್ಬ ಹುಡುಗ, ಹೆಸರು ಬೇಡ. ಆಟದಲ್ಲಿ ಪದೇ ಪದೇ ಬೀಳುತ್ತಿದ್ದ. ತುದಿಗಾಲಲ್ಲಿ ನಡೆಯುತ್ತಿದ್ದ. ಮೀನಖಂಡ ನೋಡಿದರೆ ಪೈಲ್ವಾನನ ಹಾಗೆ ದಪ್ಪ, ಆದರೆ ಮೆಟ್ಟಿಲು ಹತ್ತೋಕೆ ಆಗದು. ನೆಲದಿಂದ ಏಳಬೇಕಾದರೆ ಮೊದಲು ಕೈ ಊರಿ, ಆಮೇಲೆ ಮೊಣಕಾಲು ಹಿಡಿದು, ತೊಡೆ ಹಿಡಿದು, ತನ್ನ ಮೈಯನ್ನೇ ಏಣಿ ಮಾಡಿಕೊಂಡು ಏಳುತ್ತಿದ್ದ. ಸೋಮಾರಿ ಅಂತ ನಾವು ಬೈದೆವು. ನಾನೂ ಬೈದಿದ್ದೇನೆ, ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ. ಜ್ವರ ಬಂದಾಗ ರಕ್ತ ಪರೀಕ್ಷೆ ಮಾಡಿಸಿದರು. ಎಸ್‌ಜಿಒಟಿ, ಎಸ್‌ಜಿಪಿಟಿ ಜಾಸ್ತಿ ಬಂತು. ಲಿವರ್ ತೊಂದರೆ, ಕಾಮಾಲೆ ಇರಬೇಕು ಅಂತ ಎಂಟು ತಿಂಗಳು ಪಥ್ಯ ಮಾಡಿಸಿ, ಬೆಳಗ್ಗೆ ಬೆಳಗ್ಗೆ ನಾಟಿ ಔಷಧಿ ಕುಡಿಸಿದರು. ಕಣ್ಣು ಹಳದಿ ಆಗಿರಲೇ ಇಲ್ಲ. ಆ ಎರಡೂ ಅಂಶ ಲಿವರ್‌ನಲ್ಲಿರುವ ಹಾಗೆ ಸ್ನಾಯುವಿನಲ್ಲೂ ಇರುತ್ತವೆ. ಸ್ನಾಯು ಕರಗಿದರೂ ರಕ್ತಕ್ಕೆ ಬರುತ್ತವೆ. ಸಿಪಿಕೆ ಅನ್ನೋ ಇನ್ನೊಂದು ಪರೀಕ್ಷೆ ಮಾಡಿಸಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. 200ರ ಆಸುಪಾಸು ಇರಬೇಕಾದದ್ದು ಅವನಿಗೆ ಹತ್ತು ಸಾವಿರ ದಾಟಿತ್ತು.

ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ, ಜೀನ್ ದೋಷದಿಂದ ಸ್ನಾಯುಗಳು ಸೋಲುತ್ತಾ ಹೋಗೋ ಕಾಯಿಲೆ. ಹೆಚ್ಚಾಗಿ ಗಂಡುಮಕ್ಕಳಿಗೇ ಬರೋದು. ಏಳುವ ಆ ರೀತಿಯನ್ನು ಗವರ್ಸ್ ಅನ್ನೋ ಇಂಗ್ಲೆಂಡಿನ ಡಾಕ್ಟರು 1879ರಲ್ಲೇ ವಿವರಿಸಿದ್ದರು. ಅದನ್ನು ನೋಡೋಕೆ ಯಂತ್ರ ಬೇಕಿಲ್ಲ, ಮಗುವನ್ನು ಚಾಪೆ ಮೇಲೆ ಕೂರಿಸಿ ‘ಏಳು ಪುಟ್ಟಾ’ ಅಂದರೆ ಸಾಕು. ಆಮೇಲೆ ರಕ್ತದ ಜೀನ್ ಪರೀಕ್ಷೆಯಲ್ಲಿ ಖಚಿತವಾಯಿತು, ಮಗುವಿನ ಸ್ನಾಯುವಿಗೆ ಇಎಂಜಿ ಸೂಜಿಯೂ ಚುಚ್ಚಲಿಲ್ಲ, ಸ್ನಾಯುವಿನ ತುಂಡೂ ತೆಗೆಯಲಿಲ್ಲ. ವಾಸಿ ಮಾಡೋ ಔಷಧಿ ಇಲ್ಲ, ಆದರೆ ಸ್ಟಿರಾಯ್ಡ್, ವ್ಯಾಯಾಮ, ಹೃದಯದ ತಪಾಸಣೆ, ಇವೆಲ್ಲ ನಡೆಯೋ ವರ್ಷಗಳನ್ನು, ಆಯಸ್ಸನ್ನು ಹೆಚ್ಚಿಸೋಕೆ ನೆರವಾಗುತ್ತವೆ. ತಾಯಿ ಆಗ ಮತ್ತೆ ಬಸುರಿ. ಮೊದಲೇ ತಿಳಿದಿದ್ದರೆ ಅವರಿಗೆ ಏನು ಬೇಕೋ ಅದನ್ನು ಯೋಚಿಸಿ ನಿರ್ಧಾರ ಮಾಡೋಕೆ ಸಮಯ ಸಿಗುತ್ತಿತ್ತು. ಅಂಗನವಾಡಿ, ಶಾಲೆಗಳಿಗೆ ಮಕ್ಕಳ ತಪಾಸಣೆಗೆ ಬರೋ ತಂಡದವರು ತೂಕ, ಹಲ್ಲು, ಕಣ್ಣು ನೋಡುತ್ತಾರೆ. ನೆಲದಿಂದ ಏಳೋದನ್ನೂ ಒಂದು ಸಲ ನೋಡಿ ಅಂತ ಕೈ ಮುಗಿದು ಕೇಳುತ್ತೇನೆ.

ಹೀಗೆ ಖರ್ಚಿಲ್ಲದ ಪರೀಕ್ಷೆಗಳು ಇನ್ನೂ ಇವೆ, ನಾವು ಅವನ್ನು ಮರೆತುಬಿಟ್ಟಿದ್ದೇವೆ. ಶುಗರ್ ಇರುವವರ ಕಾಲಿನ ಹೆಬ್ಬೆರಳ ಗಂಟಿಗೆ 128 ಹರ್ಟ್ಸ್ ಶ್ರುತಿಕವೆ (ಟ್ಯೂನಿಂಗ್ ಫೋರ್ಕ್) ಇಟ್ಟು ‘ಅದುರೋದು ಗೊತ್ತಾಗುತ್ತಾ’ ಅಂತ ಕೇಳೋದು, ಅಂಗಾಲಿಗೆ ಹತ್ತು ಗ್ರಾಂ ಒತ್ತಡದ ನೈಲಾನ್ ಎಳೆ ಒತ್ತಿ ನೋಡೋದು. ಮಂಡಿಗೆ ಸುತ್ತಿಗೆ ತಟ್ಟೋದು. ಮೈಮೇಲೆ ಬಣ್ಣ ಮಾಸಿದ ಮಚ್ಚೆಯ ಮೇಲೆ ಬಾಲ್‌ಪೆನ್ ಮೊನೆ ಮೆಲ್ಲಗೆ ತಾಗಿಸಿ, ಕಣ್ಣು ಮುಚ್ಚಿಸಿ, ತಿಳಿಯುತ್ತಾ ಅಂತ ಕೇಳೋದು. ತಿಳಿಯದಿದ್ದರೆ ಅದು ನರ ಕೆಡಿಸೋ ಕುಷ್ಠ ಇರಬಹುದು. ಕುಷ್ಠ ಹೋಯಿತು ಅಂದುಕೊಂಡಿದ್ದೇವೆ. ಹೋಗಿಲ್ಲ, ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಮ್ಮ ದೇಶದವರೇ. ಮೊಣಕೈ ಹಿಂದೆ ನರ ಹಗ್ಗದಂತೆ ದಪ್ಪ ಸಿಕ್ಕಿದರೆ, ಕಿರುಬೆರಳು ಮಡಚಿಕೊಳ್ಳುತ್ತಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ, ಔಷಧಿ ಪೂರ್ತಿ ಉಚಿತ. ಇಂಥವರನ್ನೂ ಮೊದಲು ಮುಟ್ಟಿ ನೋಡದೆ ನೇರವಾಗಿ ಮೂರು ಸಾವಿರದ ಪರೀಕ್ಷೆಗೆ ಕಳಿಸುವುದು ಸರಿಯಲ್ಲ.

ನಮ್ಮ ರಾಜ್ಯದಲ್ಲಿ ಈ ವಿದ್ಯೆಗೆ ಕೊರತೆ ಇಲ್ಲ. ಹದಿಹರೆಯದ ಹುಡುಗರಿಗೆ ಒಂದೇ ಕೈ ಸಣ್ಣಗಾಗುತ್ತಾ ಹೋಗೋ ಕಾಯಿಲೆಗೆ 1984ರಲ್ಲಿ ‘ಮೋನೋಮೆಲಿಕ್ ಅಮಯೋಟ್ರಫಿ’ ಅನ್ನೋ ಹೆಸರು ಕೊಟ್ಟು ವಿವರವಾಗಿ ಬರೆದದ್ದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಡಾ. ಗೌರಿದೇವಿ ಮತ್ತು ಅವರ ಸಂಗಡಿಗರು. ಅಲ್ಲೂ ನೋಡಿ, ಕತ್ತು ನೇರ ಇಟ್ಟು ಎಂಆರ್‌ಐ ಮಾಡಿದರೆ ಎಷ್ಟೋ ಸಲ ಏನೂ ಕಾಣೋದಿಲ್ಲ. ಕತ್ತು ಬಗ್ಗಿಸಿ ಮಾಡಿದರೆ ಒಳಗಿನ ಒತ್ತಡ ಕಾಣುತ್ತೆ. ಮತ್ತೆ ಅದೇ ಮಾತು, ಏನು ಹುಡುಕುತ್ತಿದ್ದೇವೆ ಅಂತ ಚೀಟಿಯಲ್ಲಿ ಬರೆದಿರಬೇಕು.

2022ರಲ್ಲಿ ನಿಮ್ಹಾನ್ಸ್ ಜತೆ ಸೇರಿ ಸರ್ಕಾರ ಮೆದುಳು ಆರೋಗ್ಯದ ಯೋಜನೆ ಶುರು ಮಾಡಿತು. ಜಿಲ್ಲಾ ಆಸ್ಪತ್ರೆಯಲ್ಲಿ ತಲೆನೋವು, ಮೂರ್ಛೆ, ಪಾರ್ಶ್ವವಾಯು, ಮರೆವಿನ ಕಾಯಿಲೆಗೆ ಕ್ಲಿನಿಕ್. ಒಳ್ಳೆಯ ಕೆಲಸ. ಆ ಪಟ್ಟಿಗೆ ಕೈಕಾಲು ಜೋಮು, ಸ್ನಾಯು ಸೋಲುವುದನ್ನೂ ಸೇರಿಸಿ, ಪ್ರತಿ ಜಿಲ್ಲಾ ಆಸ್ಪತ್ರೆಗೂ ಒಂದು ಎನ್‌ಸಿಎಸ್ ಯಂತ್ರ ಮತ್ತು ಅದನ್ನು ಚೆನ್ನಾಗಿ ಕಲಿತ ಒಬ್ಬ ಟೆಕ್ನೀಷಿಯನ್ ಕೊಡಿ ಅಂತ ಆರೋಗ್ಯ ಇಲಾಖೆಯನ್ನು ಕೇಳುತ್ತೇನೆ. ಜತೆಗೆ ಒಂದು ಬಕೆಟ್ ಬಿಸಿನೀರೂ ಇರಲಿ, ಅದಕ್ಕೇನು ಟೆಂಡರ್ ಬೇಕಿಲ್ಲ. ಚೀಟಿಯ ಹಿಂಬದಿಯಲ್ಲಿ ಕನ್ನಡದಲ್ಲಿ ಆರು ಸಾಲು ಅಚ್ಚು ಹಾಕಿಸಿ. ಎಣ್ಣೆ, ಕ್ರೀಮು ಹಚ್ಚಬೇಡಿ. ಕೈಕಾಲು ಬೆಚ್ಚಗಿಟ್ಟುಕೊಂಡು ಬನ್ನಿ. ಊಟ ಮಾಡಿಕೊಂಡು ಬನ್ನಿ. ಸಣ್ಣ ಶಾಕ್, ಸಣ್ಣ ಸೂಜಿ ಇರುತ್ತೆ. ಪೇಸ್‌ಮೇಕರ್, ರಕ್ತ ತೆಳುವಾಗೋ ಮಾತ್ರೆ ಇದ್ದರೆ ಮೊದಲೇ ತಿಳಿಸಿ. ಇದಕ್ಕೂ ಮನಸ್ಸಿನ ಕಾಯಿಲೆಯ ಚಿಕಿತ್ಸೆಗೂ ಸಂಬಂಧ ಇಲ್ಲ. ಇಷ್ಟಿದ್ದಿದ್ದರೆ ನಮ್ಮ ಚೀಟಿ ಕುಂಕುಮದ ಡಬ್ಬಿಯ ಕೆಳಗೆ ಹೋಗುತ್ತಿರಲಿಲ್ಲ.

ನಿಮ್ಮ ಆರೋಗ್ಯ ಪುಟದ ಡಾಕ್ಟರಲ್ಲೂ ಒಂದು ಕೋರಿಕೆ. ಆ ಓದುಗರಿಗೆ ದಯವಿಟ್ಟು ಇನ್ನೊಂದು ಸಲ ಉತ್ತರ ಬರೆಯಿರಿ. ಅಷ್ಟರೊಳಗೆ ಅವರಿಗೆ ನಾನು ಹೇಳೋದು ಇಷ್ಟು: ಜೋಮು ಯಾವ ಬೆರಳಿಗೆ ಬರುತ್ತೆ ಅಂತ ಒಂದು ವಾರ ರಾತ್ರಿ ಗಮನಿಸಿ ಬರೆದಿಟ್ಟುಕೊಳ್ಳಿ, ಕಿರುಬೆರಳು ಸೇರುತ್ತೋ ಇಲ್ಲವೋ ಅನ್ನೋದು ಬಹಳ ಮುಖ್ಯ. ಎರಡೂ ಅಂಗೈ ಪಕ್ಕಪಕ್ಕ ಇಟ್ಟು ಹೆಬ್ಬೆರಳ ಬುಡ ಒಂದು ಕಡೆ ತಗ್ಗಾಗಿದೆಯಾ ನೋಡಿ. ತಗ್ಗಾಗಿದ್ದರೆ ತಡ ಮಾಡಬೇಡಿ. ಶುಗರ್, ಥೈರಾಯ್ಡ್ ಎರಡನ್ನೂ ನೋಡಿಸಿ.

ಅಮ್ಮನ ಎಡಗೈಯಲ್ಲೂ ಅವತ್ತೇ ಸ್ವಲ್ಪ ನಿಧಾನ ಕಂಡಿತ್ತು, 4.9 ಮಿಲಿಸೆಕೆಂಡ್. ಅದಕ್ಕೆ ರಾತ್ರಿ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಮಲಗುತ್ತಾರೆ. ಮುಂದಿನ ತಿಂಗಳು ಮತ್ತೆ ಪರೀಕ್ಷೆ ಇದೆ. ಈ ಸಲ ಚೀಟಿ ಅವರ ಪರ್ಸಿನಲ್ಲೇ ಇದೆ, ತಾರೀಕನ್ನು ಕ್ಯಾಲೆಂಡರಿನಲ್ಲಿ ಅವರೇ ಗುರುತು ಹಾಕಿದ್ದಾರೆ.

ಇಂತಿ,
ಒಬ್ಬ ಶಿಕ್ಷಕಿ, ಕಡೂರು